ಚಿಮ್ನಿ ತೊಳೆಯಲು ಬಂದ ತಜ್ಞರು

ವರ್ಗವಾಗಿ ವೈಜಾಗಿಗೆ ಬಂದು ಮಧುರವಾಡದಲ್ಲಿ ಹಿಡಿದ ಬಾಡಿಗೆ ಮನೆಯ ಅಡುಗೆಮನೆಗೆ ಒಂದು ಚಿಮ್ನಿ ಇತ್ತು. ಹಿಂದಿನವರು ಹುರಿದ ಮೀನಿನ ಜಿಡ್ಡೆಲ್ಲ ಅದರೊಳಗೇ ಇತ್ತು. ಒಂದು ಬೆಳಿಗ್ಗೆ ಒಗ್ಗರಣೆಗೆ ಇಟ್ಟಾಗ ಅದರಿಂದ ಎಣ್ಣೆ ತೊಟ್ಟಿಕ್ಕಿ, ಉರಿ ಭಗ್ಗೆಂದು ನನ್ನ ಮುಂಗೂದಲು ಸುಟ್ಟಿತು. ಹೆದರಿ, ಫೋನಿನಲ್ಲೇ ‘ಡೀಪ್ ಕ್ಲೀನಿಂಗ್’ ಬುಕ್ ಮಾಡಿದೆ.

ಬಂದವರು ಟೈ ಕಟ್ಟಿದ್ದ ನಡುವಯಸ್ಸಿನ ಗೃಹಸ್ಥರು. ಕೈಗವಸು ತೊಟ್ಟು, ನೊರೆ ಸಿಂಪಡಿಸಿ, ಚಿಮ್ನಿಯ ಹೊರಗಾಜನ್ನು ಮುಖ ಕಾಣುವಂತೆ ಒರೆಸಿ, “ಆಯಿತು ಮೇಡಂ ಗಾರೂ” ಎಂದರು.

“ಒಳಗಿನ ಜಾಲರಿ?”

“ಅದನ್ನು ಬಿಚ್ಚೋ ಹಾಗಿಲ್ಲ ಮೇಡಂ. ನಮ್ಮ ಕಂಪನಿ ರೂಲ್ಸು.”

“ಮತ್ತೆ ಡೀಪ್ ಅಂದ್ರೆ ಏನ್ರೀ?”

“ಅದು ಪ್ಯಾಕೇಜಿನ ಹೆಸರು ಮೇಡಂ” ಎಂದರು, ಒಂದಿಷ್ಟೂ ನಾಚದೆ.

ಅಲ್ಲೇ ಪಾತ್ರೆ ತೊಳೆಯುತ್ತಿದ್ದ ನಮ್ಮ ಮನೆಕೆಲಸದ ಅಪ್ಪಲಮ್ಮ ಸೆರಗಿಗೆ ಕೈ ಒರೆಸಿ ಸ್ಟೂಲ್ ಹತ್ತಿದಳು. ಹಿಡಿ ಒತ್ತಿ ಎಳೆದಳು, ಜಾಲರಿ ಕೈಗೆ ಬಂತು. ಬಿಸಿನೀರು, ವಾಷಿಂಗ್ ಸೋಡಾದಲ್ಲಿ ಅರ್ಧ ಗಂಟೆ ನೆನೆಸಿ ಉಜ್ಜಿದಳು. ಕಾಕಂಬಿಯಂಥ ಜಿಡ್ಡು ಹರಿದುಹೋಗಿ ಸ್ಟೀಲು ಹೊಳೆಯಿತು. ಅಷ್ಟು ಹೊತ್ತೂ ತಜ್ಞರು ಕುರ್ಚಿಯಲ್ಲಿ ಕೂತು, ನಾನೇ ಕೊಟ್ಟ ಕಾಫಿ ಹೀರುತ್ತಾ ನೋಡಿದರು.

ಹೊರಡುವಾಗ ಅವಳಿಗೆ ಹೇಳಿದರು: “ಅಮ್ಮಾ, ನಿಮ್ಮ ಕೈ ಚೆನ್ನಾಗಿದೆ. ನಮ್ಮ ಕಂಪನಿಗೆ ಸೇರಿ. ಮೊದಲು ಮೂರು ದಿನ ಟ್ರೈನಿಂಗ್ ಕೊಡ್ತೀವಿ.”

“ಏನು ಕಲಿಸ್ತೀರಯ್ಯಾ?” ಎಂದಳು ಅಪ್ಪಲಮ್ಮ.

ಅವರು ಟೈ ಸರಿಮಾಡಿಕೊಂಡು ಲಿಫ್ಟ್ ಹತ್ತಿದರು. ಬಲ್ಲ ಕೆಲಸವನ್ನು ಮರೆಸಲು ಮೂರು ದಿನವಾದರೂ ಬೇಡವೇ?