ಎದುರು ಮನೆಯವರ ವಾಸ್ತು

ಗೆಳೆಯರೇ, ಇವತ್ತು ರಾಯಚೂರಿನ ನಮ್ಮ ಹೊಸ ಮನೆಗೆ ಬಾಗಿಲ ಚೌಕಟ್ಟು ನಿಲ್ಲಿಸುತ್ತಿದ್ದಾಗ ಎದುರು ಮನೆಯ ಯಜಮಾನರು ಓಡಿ ಬಂದರು.

“ಸರ, ನಿಮ್ಮ ಬಾಗಲಾ ನಮ್ಮ ಬಾಗಲಿಗೆ ಎದುರಾಗಬಾರದ್ರಿ. ವಾಸ್ತು ದೋಷ ಅದ. ಮನಿ ಹಿಂದಕ್ಕ ಇಡ್ರಿ.”

“ಈ ಓಣ್ಯಾಗ ಎಲ್ಲಾರ ಬಾಗಲಾನೂ ಎದುರುಬದುರೇ ಅದಾವಲ್ರಿ?”

“ಅವ್ರೆಲ್ಲಾ ನಮ್ಮ ಮಂದಿ, ಸರ. ತಪ್ಪು ತಿಳ್ಕೋಬ್ಯಾಡ್ರಿ.”

ತಪ್ಪೇನು ತಿಳಿಯಲಿ? ನಾವು ದಲಿತರೆಂಬ ಸುದ್ದಿ ವಾಸ್ತುಪುರುಷನಿಗೂ ಮುಟ್ಟಿದೆ. ದಿಕ್ಕಿಗಿಂತ ಮೊದಲು ಜಾತಿ ನೋಡುವ ಶಾಸ್ತ್ರ!

ಗೋಡೆ ಕಟ್ಟುತ್ತಿದ್ದ ಕುರ್ಡಿ ಊರಿನ ಗೌಂಡಿ ಕೆಲಸ ನಿಲ್ಲಿಸಿ ಕೇಳಿದ: “ಅಣ್ಣಾ, ಏನ್ ಮಾಡ್ಲಿ? ಚೌಕಟ್ಟು ಸರಿಸ್ಲಾ?”

“ಸರಿಸಬ್ಯಾಡ. ಸಿಮೆಂಟ್ ಇನ್ನಷ್ಟು ಗಟ್ಟಿ ಹಾಕು.”

ಇನ್ನು ಅವರು ದಿನಾ ಬೆಳಿಗ್ಗೆ ಬಾಗಿಲು ತೆರೆದರೆ ಮೊದಲು ಕಾಣುವುದು ನಮ್ಮ ಮುಖ. ತಾಳದಿದ್ದರೆ ತಮ್ಮ ಬಾಗಿಲನ್ನೇ ಹಿಂದಕ್ಕೆ ತಿರುಗಿಸಿಕೊಳ್ಳಲಿ. ಗೌಂಡಿಯನ್ನು ನಾನೇ ಕಳಿಸುತ್ತೇನೆ.