ನಾನು ಬಿಗಿ ಮಾಡಿದ ಬೋಲ್ಟು

ನಮ್ಮ ಮನೆ ಗಾಡಿಯಲ್ಲಿ ಡೀಸೆಲ್ ಎಷ್ಟಿದೆ ಎಂದು ತೋರಿಸುವ ಮುಳ್ಳು ಕೆಟ್ಟು ಬಹಳ ಕಾಲವಾಯಿತು. ಅದಕ್ಕೆ ಬದಲಾಗಿ ನನ್ನ ಸೀಟಿನ ಹಿಂದೆ ಒಂದು ತೆಳ್ಳನೆಯ ಬೆತ್ತ ಇಟ್ಟುಕೊಂಡಿದ್ದೇನೆ. ಟ್ಯಾಂಕಿನ ಮುಚ್ಚಳ ತೆಗೆದು ಬೆತ್ತ ಇಳಿಸುವುದು, ಎಲ್ಲಿಯವರೆಗೆ ಒದ್ದೆಯಾಯಿತು ಎಂದು ನೋಡುವುದು. ನೋಡಿದ ಮೇಲೆ ಸ್ವಲ್ಪ ದೂರ ಹೋಗುವಷ್ಟರಲ್ಲಿ, ನಿಜವಾಗಿಯೂ ನೋಡಿದೆನೇ ಅಥವಾ ನಿನ್ನೆ ನೋಡಿದ್ದನ್ನು ಇವತ್ತಿನದೆಂದು ತಿಳಿದಿದ್ದೇನೆಯೇ ಎಂಬ ಅನುಮಾನ ಬರುತ್ತದೆ. ಗಾಡಿ ನಿಲ್ಲಿಸಿ ಮತ್ತೆ ನೋಡುತ್ತೇನೆ. ಹೆಂಡತಿ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅದೇನ್ರೀ, ಜ್ವರ ನೋಡ್ದಂಗೆ ನೋಡ್ತೀರಾ ಅದುನ್ನ," ಎನ್ನುತ್ತಾಳೆ.

ಇದು ಮೊದಲು ಯಾವುದೋ ಕಾರ್ಖಾನೆಯ ಕೆಲಸಗಾರರನ್ನು ಕರೆದೊಯ್ಯುತ್ತಿದ್ದ ವ್ಯಾನು. ನಾನು ಕಾಲೇಜಿನಿಂದ ನಿವೃತ್ತನಾದ ವರ್ಷ ಕೊಂಡು, ನಮ್ಮ ಹೊಸೂರಿನ ಮೂಕಂಡಪಲ್ಲಿಯ ವೆಲ್ಡಿಂಗ್ ಶೆಡ್ಡೊಂದರಲ್ಲಿ ಸೀಟುಗಳನ್ನು ಕೀಳಿಸಿ ಮನೆ ಮಾಡಿಸಿದೆವು. ಮಡಚಿದರೆ ಬೆಂಚು, ಬಿಚ್ಚಿದರೆ ಮಂಚ. ಒಂದು ಗ್ಯಾಸ್ ಒಲೆ, ಮೇಲೆ ನೀರಿನ ಡ್ರಮ್ಮು, ಕಿಟಕಿಗಳಿಗೆ ಸೊಳ್ಳೆ ಬಲೆ. ಹೊಗೇನಕಲ್ಲಿಗೆ, ಕೃಷ್ಣಗಿರಿ ಡ್ಯಾಮಿಗೆ, ಡೆಂಕಣಿಕೋಟೆಯ ಆಚೆ ಇರುವ ಅವಳ ಅಣ್ಣನ ಊರಿಗೆ ಹೋಗಿ ಅದರಲ್ಲೇ ಮಲಗಿ ಬರುತ್ತೇವೆ. ಗಾಡಿಗೆ ವಯಸ್ಸಾಗಿದೆ. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ ಬಿಟ್ಟು ಬೀದಿಯನ್ನೆಲ್ಲ ಎಬ್ಬಿಸುತ್ತದೆ. ಆದರೆ ಅದರ ಕಾಯಿಲೆಗಳೆಲ್ಲ ನನಗೆ ಗೊತ್ತಿದ್ದವು, ಅಥವಾ ಗೊತ್ತಿವೆ ಎಂದುಕೊಂಡಿದ್ದೆ.

ಆಯುಧಪೂಜೆಗೆ ಮುಂಚೆ ಗಾಡಿಯ ಸಣ್ಣಪುಟ್ಟ ಕೆಲಸಗಳನ್ನು ನಾನೇ ಮುಗಿಸುತ್ತೇನೆ. ಈ ಸಲ ಡೀಸೆಲ್ ಫಿಲ್ಟರ್ ಬದಲಿಸಿದೆ. ಫಿಲ್ಟರ್ ಬಿಚ್ಚಿದಾಗ ಪೈಪಿನೊಳಗೆ ಗಾಳಿ ಸೇರಿಕೊಳ್ಳುತ್ತದೆ. ಗಾಳಿ ಇದ್ದರೆ ಡೀಸೆಲ್ ಎಂಜಿನ್ ಓಡುವುದಿಲ್ಲ. ಫಿಲ್ಟರಿನ ತಲೆಯ ಮೇಲಿನ ಸಣ್ಣ ಬೋಲ್ಟನ್ನು ಸಡಿಲಿಸಿ, ಪಕ್ಕದ ಹ್ಯಾಂಡ್ ಪಂಪನ್ನು ಒತ್ತುತ್ತಾ ಹೋದರೆ ನೊರೆನೊರೆಯಾಗಿ ಗಾಳಿ ಹೊರಬರುತ್ತದೆ. ನೊರೆ ನಿಂತು ಬರೀ ಎಣ್ಣೆ ಬಂದಾಗ ಬೋಲ್ಟನ್ನು ಬಿಗಿ ಮಾಡಬೇಕು. ನೊರೆ ಬಂದದ್ದು ನೆನಪಿದೆ. ಎಣ್ಣೆ ಅಂಗಿಯ ತೋಳಿಗೆ ಹತ್ತಿದ್ದು ನೆನಪಿದೆ. ಬೋಲ್ಟು ಬಿಗಿ ಮಾಡಿದ್ದು ಮಾತ್ರ ನೆನಪಿಲ್ಲ.

ಮರುದಿನ ಪೂಜೆ. ನಾನು ದೇವರ ವಿಷಯದಲ್ಲಿ ವಾದ ಮಾಡುವುದನ್ನು ಬಿಟ್ಟಿದ್ದೇನೆ. ಅವಳು ಮಾಡುತ್ತಾಳೆ, ನಾನು ಜಗಲಿಯ ಮೆಟ್ಟಿಲ ಮೇಲೆ ಪೇಪರ್ ಹಿಡಿದು ಕೂರುತ್ತೇನೆ. ಆ ಬೆಳಿಗ್ಗೆಯೂ ಹಾಗೇ ಕೂತಿದ್ದೆ. ಅವಳು ಬಲಗೈ ಬೆರಳಲ್ಲಿ ಅರಿಸಿನ ಕಲಸಿಕೊಂಡು ಸ್ಟೀರಿಂಗಿಗೆ, ಬಾನೆಟ್ಟಿಗೆ, ಗ್ಯಾಸ್ ಒಲೆಗೆ, ಟ್ಯಾಂಕಿನ ಮುಚ್ಚಳಕ್ಕೆ ಬೊಟ್ಟಿಡುತ್ತಾ ಬಂದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹಬ್ಬ ಕಳೆದ ಮೇಲೆ ಕೃಷ್ಣಗಿರಿಗೆ ಹೋದೆವು. ವಾಪಸು ಬರುವಾಗ ಶೂಳಗಿರಿಯ ಹತ್ತಿರ, ಏರಿನಲ್ಲಿ, ಎಂಜಿನ್ ಉಸಿರು ಕಟ್ಟಿದವರ ಹಾಗೆ ಎರಡು ಸಲ ಬಿಕ್ಕಿ ನಿಂತುಹೋಯಿತು. ಪಕ್ಕದಲ್ಲೇ ಲಾರಿಗಳು ಗಾಡಿಯನ್ನು ಅಲ್ಲಾಡಿಸುತ್ತಾ ಹೋಗುತ್ತಿದ್ದವು. ನಾನು ಇಳಿದು, ಮೊದಲು ಬೆತ್ತ ಹಾಕಿ ಡೀಸೆಲ್ ನೋಡಿದೆ. ಇತ್ತು. ಆಮೇಲೆ ಬೋಲ್ಟು ಸಡಿಲಿಸಿ ಗಾಳಿ ತೆಗೆದೆ. ಬೋಲ್ಟು ಬಿಗಿಯಾಗಿಯೇ ಇದ್ದಂತೆ ಕಂಡಿತು, ಆದರೆ ಎಷ್ಟು ಬಿಗಿ ಎಂದರೆ ಸಾಕಷ್ಟು ಬಿಗಿ ಎಂದು ಯಾರು ಹೇಳಬೇಕು? ಸ್ಟಾರ್ಟ್ ಆಯಿತು.

ಎರಡನೆಯ ಸಲ ಡ್ಯಾಮಿನಿಂದ ಬರುವಾಗಲೂ ಅದೇ. ಬೆತ್ತ, ಬೋಲ್ಟು, ಪಂಪು, ಸ್ಟಾರ್ಟ್. ಆ ಸಲ ಅವಳು ಕೆಳಗಿಳಿದು ನನ್ನ ಪಕ್ಕ ನಿಂತಳು.

"ಫಿಲ್ಟರ್ ಹಾಕಿದ್ದು ನೀವೇ ಅಲ್ವಾ?"

"ಹೌದು."

"ಸರಿಯಾಗಿ ಹಾಕುದ್ರಾ?"

"ಹಾಕಿದೆ ಅಂತ ಅನ್ಸುತ್ತೆ."

ಅನ್ಸುತ್ತೆ ಎಂಬ ಮಾತು ನಮ್ಮ ಮನೆಯಲ್ಲಿ ಇತ್ತೀಚೆಗೆ ಹೆಚ್ಚಾಗಿತ್ತು. ಗ್ಯಾಸ್ ಆರಿಸಿದೆ ಅನ್ಸುತ್ತೆ. ಬೀಗ ಹಾಕಿದೆ ಅನ್ಸುತ್ತೆ. ನನ್ನ ಚಿಕ್ಕಪ್ಪ ಕೊನೆಗಾಲದಲ್ಲಿ ಹೊಸೂರಿನ ನಮ್ಮದೇ ಬೀದಿಯಲ್ಲಿ ನಿಂತು, ನಮ್ಮ ಮನೆಗೆ ಯಾವ ಕಡೆ ಹೋಗಬೇಕೆಂದು ಹೂವಿನವಳನ್ನು ಕೇಳಿದ್ದರು. ನಾವಿಬ್ಬರೂ ಅದನ್ನು ಎತ್ತುವುದಿಲ್ಲ, ಮರೆಯುವುದೂ ಇಲ್ಲ.

ಮೂಕಂಡಪಲ್ಲಿಯ ಮೇಸ್ತ್ರಿ ಗಾಡಿಯನ್ನು ಎರಡು ದಿನ ಇಟ್ಟುಕೊಂಡ. ವಾಷರ್ ಬದಲಿಸಿದ, ಪೈಪು ಬದಲಿಸಿದ. ಇಂಡಸ್ಟ್ರಿಯಲ್ ಎಸ್ಟೇಟಿನ ಸುತ್ತ ಓಡಿಸಿ ನೋಡಿದ. ಎಲ್ಲಿಯೂ ನಿಲ್ಲಲಿಲ್ಲ.

"ನನ್ ತಾವ ಬಂದ್ರೆ ಗಪ್‌ಚಿಪ್ ಆಗೋಗ್ತದೆ ಸಾರ್, ಡಾಕ್ಟ್ರುನ್ನ ಕಂಡ ಹಲ್ನೋವಿನ ತರ," ಎಂದ. "ಏರ್ ಎಲ್ಲೋ ಎಳ್ಕಂತೈತೆ. ಫಿಲ್ಟರ್ ಯಾರ್ ಹಾಕಿದ್ದು?"

"ನಾನೇ."

"ಅಂಗಾ," ಎಂದವನು ಕೈ ಒರೆಸಿಕೊಳ್ಳುತ್ತಾ ಆಚೆ ನೋಡಿದ. ಅವನು ಬೈದಿದ್ದರೆ ಚೆನ್ನಾಗಿತ್ತು.

ಆ ವಾರವೇ ಬಾಗಲೂರು ಕಡೆಯ ಒಬ್ಬರು ಬಂದು ಗಾಡಿ ನೋಡಿದರು. ಕಾರ್ಖಾನೆಯ ಗೇಟಿನ ಎದುರು ತಿಂಡಿ ಅಂಗಡಿ ಇಡಲು ಅವರಿಗೆ ಒಲೆ, ನೀರು ಎಲ್ಲ ಇರುವ ವ್ಯಾನು ಬೇಕಾಗಿತ್ತು. ಒಂದೇ ಕಡೆ ನಿಲ್ಲುವುದರಿಂದ ಎಂಜಿನ್ ಹೇಗಿದ್ದರೂ ಅವರಿಗೆ ಚಿಂತೆಯಿಲ್ಲ. ಅವರು ಹೋದ ಮೇಲೆ ಅವಳು ನಿಧಾನವಾಗಿ ಹೇಳಿದಳು: "ನೋಡ್ರೀ, ಗಾಡಿ ತಪ್ಪಾದ್ರೆ ರಿಪೇರಿ ಮಾಡ್ಸಾಣ. ನೀವು ಮರ್ತು ಏನೋ ಬಿಟ್ಟಿರೋದು ಅಂತಾದ್ರೆ ಕೊಟ್ಬುಡಾಣ. ಈವತ್ತು ಬೋಲ್ಟು, ನಾಳೆ ಬ್ರೇಕು. ನಂಗೆ ಭಯ ಆಗ್ತೈತೆ." ನಾನು ಒಪ್ಪಿದೆ. ಒಪ್ಪದಿರಲು ನನ್ನ ಹತ್ತಿರ ಪುರಾವೆ ಇರಲಿಲ್ಲ. ಇನ್ನೊಂದು ಸಲ ದೂರ ಹೋಗಿ ನೋಡೋಣ, ಅವಳ ಅಣ್ಣನ ಊರಿಗೆ, ನಿಂತರೆ ಸೋಮವಾರ ಬಾಗಲೂರಿನವರಿಗೆ ಹೇಳಿಬಿಡೋಣ ಎಂದು ತೀರ್ಮಾನವಾಯಿತು.

ಹೊರಡುವ ಹಿಂದಿನ ದಿನ ಹೊಸೂರಿನಲ್ಲೇ ಟ್ಯಾಂಕು ತುಂಬಿಸಿದೆವು. ರಾಗಿ ತೆನೆ ಬಲಿತು ನಿಂತ ಕಾಲ, ಆನೆಗಳು ಕಾಡಂಚಿಗೆ ಬಂದಿದ್ದವು. ಹೊರಟ ದಿನ ಅವಳ ಅಣ್ಣ ಮಧ್ಯಾಹ್ನದಿಂದ ಫೋನು ಮಾಡುತ್ತಲೇ ಇದ್ದರು. "ಬೆಳಕಿದ್ದಂಗೇ ಕಾಡು ದಾಟ್ಬುಡಿ ಭಾವ. ನಿನ್ನೆ ನಮ್ ಪಕ್ಕದೋರ ಹೊಲಕ್ಕೆ ಇಳ್ದವೆ." ನಾವು ಹೊರಟಿದ್ದೇ ತಡವಾಯಿತು. ಬೀಗ ಹಾಕಿದೆನೇ ಎಂದು ನೋಡಲು ನಾನು ಬೀದಿಯ ತುದಿಯಿಂದ ವಾಪಸು ಹೋಗಿದ್ದೆ. ಹಾಕಿತ್ತು.

ಡೆಂಕಣಿಕೋಟೆ ದಾಟಿ ಕಾಡಿನ ರಸ್ತೆ ಹಿಡಿಯುವಾಗ ಬಿಸಿಲು ಮರಗಳ ತುದಿಗೆ ಏರಿತ್ತು. ನಾನು ರಸ್ತೆಗಿಂತ ಹೆಚ್ಚಾಗಿ ಎಂಜಿನ್ನಿನ ಸದ್ದನ್ನು ಕೇಳುತ್ತಿದ್ದೆ. ಒಂದು ತಿರುವಿನಲ್ಲಿ ಸದ್ದು ತೆಳ್ಳಗಾಯಿತು. ಕಾಲಿನ ಕೆಳಗೆ ಆಕ್ಸಲರೇಟರ್ ಪೊಳ್ಳಾಯಿತು. ಬಿಕ್ಕಿತು, ನಿಂತಿತು.

ಎದುರಿಗೆ ಒಂದು ಬೈಕು ಬಂತು. ಹಿಂದೆ ಹಾಲಿನ ಕ್ಯಾನು ಕಟ್ಟಿದ್ದ ಯಾರೋ ಊರಿನವರು, ವೇಗ ಸ್ವಲ್ಪವೇ ಕಮ್ಮಿ ಮಾಡಿ, "ಇಲ್ಲಿ ನಿಲ್ಬೇಡಿ ಸಾರ್, ಪಳ್ಳದಾಗೆ ಎರಡು ನಿಂತವೆ," ಎಂದು ಪಕ್ಕದ ತಗ್ಗಿನ ಕಡೆ ಕೈ ತೋರಿಸಿ ಹೋಗಿಬಿಟ್ಟರು.

ನಾನು ಬೆತ್ತಕ್ಕೆ ಕೈ ಹಾಕಿದೆ. ಅವಳು ಕೈ ಹಿಡಿದಳು. "ನಿನ್ನೆ ತಾನೇ ತುಂಬ್ಸಿದ್ವಲ್ರೀ, ನಾನೇ ಪಕ್ಕದಲ್ಲಿದ್ದೆ. ಅದು ಬಿಟ್ಟು ಬೋಲ್ಟು ನೋಡಿ, ಬೇಗ!"

ನೇರವಾಗಿ ಬೋಲ್ಟು ಸಡಿಲಿಸಿ ಪಂಪು ಒತ್ತಿದೆ. ನೊರೆ ಬರಲಿಲ್ಲ, ಎಣ್ಣೆ ಬರಲಿಲ್ಲ. ಒತ್ತಿದ ಪಂಪು ಮೇಲೆ ಏಳದೆ ಅಲ್ಲೇ ಅಂಟಿಕೊಂಡಿತು, ಒಳಗಿನಿಂದ ಯಾರೋ ಹಿಡಿದೆಳೆದ ಹಾಗೆ. ಈ ಹಿಂದೆ ಹೀಗಾಗಿರಲಿಲ್ಲ. ತಗ್ಗಿನ ಕಡೆಯಿಂದ ಒಂದು ಕೊಂಬೆ ಲಟಕ್ಕನೆ ಮುರಿದ ಸದ್ದು ಬಂತು. ಅವಳು ಕಿಟಕಿಯ ಗಾಜು ಏರಿಸಿ, ಮತ್ತೆ ನನಗಾಗಿ ಇಳಿಸಿ, "ಆಯ್ತಾ?" ಎಂದು ಪಿಸುಗುಟ್ಟಿದಳು. ಆಗಿರಲಿಲ್ಲ.

ಆಗ ಆ ಹಳೆಯ ಅನುಮಾನ ಬಂತು. ನಿನ್ನೆ ತುಂಬಿಸಿದೆವೇ? ಪೆಟ್ರೋಲ್ ಬಂಕು, ನೀಲಿ ಅಂಗಿಯವನು, ಅವಳು ಪಕ್ಕದಲ್ಲಿ ನಿಂತಿದ್ದು, ಎಲ್ಲವೂ ನೆನಪಿದೆ. ಆದರೆ ಅದು ಹೋದ ತಿಂಗಳಿನದಾಗಿದ್ದರೆ? ಅವಳು ಹೇಳಿದಳು ನಿಜ, ಆದರೆ ಅವಳೂ ಹೆದರಿದ್ದಾಳೆ. ಆನೆ ಬರಲಿ ಬಿಡಲಿ, ನೋಡದೆ ಇರಲಾಗಲಿಲ್ಲ. ಓಡಿಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಬಿಗಿದುಕೊಂಡಿತ್ತು. ಎರಡೂ ಕೈಯಲ್ಲಿ ತಿರುಗಿಸಿದಾಗ ಉಸ್ಸೆಂದು ಗಾಳಿ ಒಳಗೆ ನುಗ್ಗಿತು.

ಆ ಸದ್ದನ್ನು ನಾನು ಗುರುತಿಸಿದೆ. ವರ್ಷವರ್ಷವೂ ಕಾಲೇಜಿನ ಮಕ್ಕಳಿಗೆ ಹೇಳಿಕೊಟ್ಟ ಪಾಠ ಅದು: ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಸರಿಯಾಗಿ ಸುರಿಯುವುದಿಲ್ಲ, ಗಾಳಿ ಹೋಗಲು ಇನ್ನೊಂದು ಬೇಕು. ಡೀಸೆಲ್ ಖಾಲಿಯಾದಷ್ಟೂ ಗಾಳಿ ಒಳಗೆ ಹೋಗಲೆಂದು ಟ್ಯಾಂಕಿನ ಮುಚ್ಚಳದಲ್ಲಿ ಒಂದು ಸಣ್ಣ ರಂಧ್ರ ಇರುತ್ತದೆ. ಅದು ಮುಚ್ಚಿಹೋಗಿತ್ತು. ಊರೊಳಗೆ ಸುತ್ತಿದಾಗ ಗೊತ್ತಾಗುವುದಿಲ್ಲ. ದೂರ ಹೋದಾಗ ಟ್ಯಾಂಕಿನಲ್ಲಿ ಗಾಳಿಯಿಲ್ಲದೆ, ಡೀಸೆಲ್ ಮುಂದಕ್ಕೆ ಬರದೆ, ಎಂಜಿನ್ ಉಪವಾಸ ಬೀಳುತ್ತದೆ. ಎರಡು ಸಲವೂ ಗಾಡಿಯನ್ನು ಎಬ್ಬಿಸಿದ್ದು ಬೋಲ್ಟಲ್ಲ. ಡೀಸೆಲ್ ಇದೆಯೋ ಇಲ್ಲವೋ ಎಂಬ ನನ್ನ ಅನುಮಾನಕ್ಕೆ ಮುಚ್ಚಳ ತೆಗೆದಿದ್ದೆನಲ್ಲ, ಅದು. ಲಾರಿಗಳ ಗದ್ದಲದಲ್ಲಿ ಆಗ ಈ ಉಸ್ಸು ಕೇಳಿಸಿರಲಿಲ್ಲ.

ಪಂಪು ಈಗ ಸಲೀಸಾಗಿ ಆಡಿತು. ಎಣ್ಣೆ ಬಂತು. ಬೋಲ್ಟು ಬಿಗಿ ಮಾಡಿದೆ. ಬಿಗಿ ಮಾಡಿದೆ, ಬಿಗಿ ಮಾಡಿದೆ ಎಂದು ಬಾಯಿಬಿಟ್ಟು ಹೇಳಿಕೊಂಡೆ. ಟ್ಯಾಂಕಿನ ಬಾಯಿಗೆ ಬಟ್ಟೆ ತುರುಕಿ, ಮುಚ್ಚಳವನ್ನು ಅವಳ ಕೈಗೆ ಕೊಟ್ಟು, ಕೀಲಿ ತಿರುಗಿಸಿದೆ. ಎಂಜಿನ್ ಕೆಮ್ಮಿ ಹತ್ತಿಕೊಂಡಿತು.

ಕಾಡು ಮುಗಿದು ಹೊಲಗಳು ಕಾಣಿಸಿದ ಮೇಲೆ ಅವಳು ಮೊಬೈಲಿನ ಬೆಳಕು ಬಿಟ್ಟು ಮುಚ್ಚಳ ನೋಡಿದಳು.

"ತೂತಲ್ಲಿ ಏನೋ ಹಳದಿ ಕೂತೈತ್ರೀ."

ಸೆರಗಿನ ಪಿನ್ನು ತೆಗೆದು ಕೆದಕಿದಳು. ಒಣಗಿದ ಅರಿಸಿನ, ಅದರೊಳಗೆ ಕುಂಕುಮ, ಪುಡಿಪುಡಿಯಾಗಿ ಅವಳ ಮಡಿಲಿಗೆ ಬಿತ್ತು.

ನನ್ನ ಎದೆಯ ಮೇಲಿಂದ ಏನೋ ಇಳಿಯಿತು. "ನೋಡಿದೆಯಾ? ಪೂಜೆ ದಿನ ನೀನು ಇಟ್ಟ ಬೊಟ್ಟು. ಬೋಲ್ಟು ಬಿಗಿಯಾಗೇ ಇತ್ತು. ನಾನು ಏನೂ ಮರ್ತಿರಲಿಲ್ಲ."

ಅವಳು ಬಲಗೈಯನ್ನು ಎತ್ತಿ ಡ್ಯಾಶ್‌ಬೋರ್ಡಿನ ಬೆಳಕಿನಲ್ಲಿ ಹಿಡಿದು, ಮಣಿಕಟ್ಟನ್ನು ಮೆಲ್ಲಗೆ ಆಡಿಸಿದಳು.

ಅವಳು ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದು ಹಬ್ಬಕ್ಕೆ ಮುಂಚೆ. ಹಬ್ಬ ಕಳೆದ ಮೇಲೂ ಕೆಲವು ದಿನ ಆ ಕೈ ಪ್ಲಾಸ್ಟರಿನ ಹಿಟ್ಟಿನ ಕಟ್ಟಿನಲ್ಲಿತ್ತು, ಬೆರಳ ಬುಡದವರೆಗೆ. ಆ ದಿನಗಳಲ್ಲಿ ಅವಳ ಜಡೆ ಹಾಕುತ್ತಿದ್ದವನು ನಾನು. ಹಬ್ಬದ ಬೆಳಿಗ್ಗೆಯೂ ಹಾಕಿದ್ದೆ. ಸೊಟ್ಟಗಾಯಿತೆಂದು ಬಿಚ್ಚಿ ಎರಡನೆಯ ಸಲ ಹಾಕಿಸಿಕೊಂಡಳು. ಇದೂ ನನ್ನದೇ ನೆನಪು. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಕಟ್ಟಿನೊಳಗಿದ್ದ ಕೈಯಲ್ಲಿ ಅರಿಸಿನ ಕಲಸಲಾಗುವುದಿಲ್ಲ.

"ಹಂಗಾದ್ರೆ..."

"ನಾನು ತಟ್ಟೆ ಹಿಡ್ಕಂಡು ನಿಂತಿದ್ದೆ, ನೀವು ಇಟ್ಟಿದ್ದು. ಎರಡು ಬೊಟ್ಟು ಸಾಕು ಅಂದ್ರೆ ಅಭಿಷೇಕ ಮಾಡ್ಬುಟ್ರಿ. ದೇವ್ರಿಲ್ಲ ಅನ್ನೋರ ಕೈಯಲ್ಲಿ ಪೂಜೆ ಮಾಡ್ಸುದ್ರೆ ಇಂಗೇ."

"ಪೇಪರ್ ಓದ್ತಾ ಕೂತಿದ್ದೆನಲ್ಲ?"

"ಅದು ಹೋದ್ವರ್ಷ."

ಗೇರು ಬದಲಿಸಿದೆ. ಅರಿಸಿನದ ಬೆರಳು ಈಗಲೂ ಕಣ್ಣ ಮುಂದೆ ಇತ್ತು, ಉಗುರಿನ ಹಳದಿಯವರೆಗೆ ಸ್ಪಷ್ಟವಾಗಿ. ಮಸುಕಾಗಿದ್ದ ಬೋಲ್ಟಿನ ವಿಷಯದಲ್ಲಿ ನಾನು ಸರಿಯಾಗಿದ್ದೆ. ಇಷ್ಟು ಸ್ಪಷ್ಟವಾದದ್ದರಲ್ಲಿ ತಪ್ಪಿದ್ದೆ. ಇನ್ನು ಮೇಲೆ ಯಾವುದನ್ನು ಅನುಮಾನಿಸಬೇಕು ಎಂದು ತಿಳಿಯಲಿಲ್ಲ.

"ನಿಂಗೆ ಮೊದಲೇ ಗೊತ್ತಿತ್ತಾ, ನಾನು ಇಟ್ಟಿದ್ದನ್ನ ಮರ್ತಿದೀನಿ ಅಂತ?"

"ನೀವು ಬೋಲ್ಟು ಬೋಲ್ಟು ಅಂತಿದ್ರಿ. ಅರಿಸಿನದ ವಿಚಾರ ಯಾರ್ ಎತ್ತುದ್ರು?" ಎಂದು ಮುಚ್ಚಳವನ್ನು ಸೆರಗಿನಿಂದ ಒರೆಸತೊಡಗಿದಳು. "ಮುಂದೆ ನೋಡಿ ಓಡ್ಸಿ. ಅಣ್ಣ ಟಾರ್ಚು ಹಿಡ್ಕಂಡು ನಿಂತವ್ನೆ."

ಸೋಮವಾರ ಬಾಗಲೂರಿನವರು ಫೋನು ಮಾಡಿದರು. ನಾನು ಮೊಬೈಲನ್ನು ಕೈಯಲ್ಲಿ ಮುಚ್ಚಿಕೊಂಡು ಅವಳ ಮುಖ ನೋಡಿದೆ. ನಮ್ಮ ಒಪ್ಪಂದದ ಪ್ರಕಾರ ಇದು ಯಾವ ಲೆಕ್ಕಕ್ಕೆ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

"ಗಾಡಿ ಸರಿಹೋಯ್ತು, ಕೊಡಲ್ಲ ಅನ್ನಿ," ಎಂದಳು.

"ನಾನು?"

"ನಿಮ್ಗೆ ಗಿರಾಕಿ ಬಂದಿಲ್ವಲ್ಲ ಇನ್ನಾ."

ಫೋನು ಇಟ್ಟ ಮೇಲೆ, ನರದ ಡಾಕ್ಟರಿಗೆ ಹೇಳಿ ಟೋಕನ್ ತೆಗೆದುಕೊಳ್ಳಿ ಎಂದಳು. ತೆಗೆದುಕೊಂಡಿದ್ದೇನೆ. ಬರುವ ವಾರ ಹೋಗಬೇಕು. ಗಾಡಿಯಲ್ಲೇ ಹೋಗುತ್ತೇವೆ, ನಾನೇ ಓಡಿಸುತ್ತೇನೆ, ಅವಳು ಪಕ್ಕದಲ್ಲಿ ಕೂರುತ್ತಾಳೆ. ಬೆತ್ತ ಈಗ ಅವಳ ಸೀಟಿನ ಹಿಂದೆ ಇದೆ. ನಾನು ನೋಡಿ ಬಂದ ಮೇಲೆ ಅವಳು ಇಳಿದು ಇನ್ನೊಮ್ಮೆ ನೋಡುತ್ತಾಳೆ. ಮುಚ್ಚಳ ಹಾಕಿ, ರಂಧ್ರಕ್ಕೆ ಕಣ್ಣಿಟ್ಟು, "ನೋಡ್ದೆ," ಎಂದು ಗಟ್ಟಿಯಾಗಿ ಹೇಳುತ್ತಾಳೆ. ಅದನ್ನು ಕೇಳಿಸಿಕೊಂಡ ಮೇಲೆ ಗಾಡಿ ಸ್ಟಾರ್ಟ್ ಮಾಡುತ್ತೇನೆ.