ಕರಡಿಗೆ ಕೊಟ್ಟ ದನಿ

ಕತೆಪುಸ್ತಕದ ಪ್ರಾಣಿಗಳಿಗೆಲ್ಲ ನಾನು ಊರವರ ದನಿ ಕದ್ದು ಹಂಚಿದ್ದೇನೆ. ನರಿಗೆ ಅಗ್ರಹಾರದ ದಿನಸಿ ಅಂಗಡಿಯವರದು: "ತಗೊಳ್ಳಿ ಸ್ವಾಮಿ, ನಿಮಗಂತ್ಲೇ ಎತ್ತಿಟ್ಟಿದ್ದೆ" ಎನ್ನುವ ಆ ಬೆಣ್ಣೆ ದನಿ. ಕೊಕ್ಕರೆಗೆ ನಮ್ಮ ಮನೆ ಓನರದು. ಅವರೂ ಗೇಟಿನ ಬಳಿ ಒಂಟಿ ಕಾಲಲ್ಲೇ ನಿಂತು ಮಾತಾಡುವುದು. ಕತ್ತೆಗೆ ನನ್ನದೇ. ಅದಕ್ಕೆ ಅಭ್ಯಾಸ ಬೇಕಾಗಲಿಲ್ಲ.

ಬೋಗಾದಿಯ ನಮ್ಮ ಬೀದಿಯಲ್ಲಿ ನಿವೃತ್ತ ಟೀಚರೊಬ್ಬರು ಭಾನುವಾರ ಬೆಳಿಗ್ಗೆ ಕಾರ್ ಶೆಡ್ಡಿನಲ್ಲಿ ಚಾಪೆ ಹಾಸಿ ಮಕ್ಕಳನ್ನು ಸೇರಿಸುತ್ತಾರೆ. ಕಾರು ಬಿಸಿಲಲ್ಲಿ, ಕತೆ ನೆರಳಲ್ಲಿ. ಓದುವವನು ನಾನು. ಮಕ್ಕಳಿಗೆ ಅಚ್ಚುಮೆಚ್ಚು ಒಂದು ಜನಪದ ಕತೆಯ ಚಿತ್ರಪುಸ್ತಕ: ದಾರಿ ತಪ್ಪಿದ ಮೊಲದ ಮರಿಯನ್ನು ಕರಡಿಯೊಂದು ಬೆನ್ನ ಮೇಲೆ ಕೂರಿಸಿಕೊಂಡು ಮನೆ ಮುಟ್ಟಿಸುತ್ತದೆ. ಚಿತ್ರದ ಕರಡಿಗೆ ಉದ್ದುದ್ದ ರೆಪ್ಪೆ, ಈಗಷ್ಟೇ ಎಣ್ಣೆಸ್ನಾನ ಮುಗಿಸಿದಂಥ ಮೈ.

ಅದಕ್ಕೆ ನಾನು ಕೊಟ್ಟದ್ದು ನನ್ನ ಅಣ್ಣನ ದನಿ.

ಅಣ್ಣ ಹೂಟಗಳ್ಳಿಯ ಕಾರ್ಖಾನೆಯಲ್ಲಿದ್ದ. ಎರಡು ವರ್ಷದ ಹಿಂದೆ ಜ್ವರ ಅಂತ ಮಲಗಿದವನು ನಾಲ್ಕನೇ ದಿನ ಇರಲಿಲ್ಲ. ಅವನ ಮಗಳಿಗೆ ಆಗ ವರ್ಷ ತುಂಬಿದ್ದಷ್ಟೇ. ಅವನ ದನಿ ಎಲ್ಲೂ ಉಳಿದಿಲ್ಲ. ಫೋನಿನಲ್ಲಿ ಏನು ಕೇಳಿದರೂ ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾಗುವ ಆಸಾಮಿ. ಮದುವೆ ವಿಡಿಯೋದಲ್ಲಿ ತುಟಿ ಆಡಿಸುತ್ತಾನೆ, ಕೇಳುವುದು ಮಾತ್ರ ನಾದಸ್ವರ. ಮಗಳು ಅಪ್ಪನ ದನಿಯನ್ನಾದರೂ ಕೇಳಲಿ ಎಂದು ಕರಡಿಯ ಬಾಯಿಂದ ಆಡಿಸತೊಡಗಿದೆ. ಅವಳು ಮುಂದೆ ಕೂತು, ಕತ್ತೆಯನ್ನು ಅರ್ಧಕ್ಕೇ ತಡೆದು, "ಕರಡಿ ಬರ್ಲಿ" ಎನ್ನುತ್ತಿದ್ದಳು.

ಒಂದೇ ತೊಂದರೆ. ಅಣ್ಣನದು ಮೆಷಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಒಡೆದುಹೋದ ದನಿ. ಮೊದಲ ಸಲ ಇಬ್ಬರು ಮಕ್ಕಳು ಚೀರಿದರು. ಹಾಗಾಗಿ ವಾರವಾರವೂ ಒಂದಿಷ್ಟು ಉಜ್ಜಿದೆ, ನಯ ಮಾಡಿದೆ, ಜೇನು ಬೆರೆಸಿದೆ.

ಒಂದು ಭಾನುವಾರ ಮೊಮ್ಮಗಳನ್ನು ಕರೆದೊಯ್ಯಲು ಬಂದ ಅಮ್ಮ ಗೇಟಿನಲ್ಲೇ ನಿಂತು ಕೇಳಿದಳು. ಮನೆಗೆ ಬಂದು, ಕೊತ್ತಂಬರಿ ಬಿಡಿಸುತ್ತಾ ಅಂದಳು: "ಅವ್ನು ಅಂಗೆಲ್ಲಿ ಮಾತಾಡ್ತಿದ್ದ? ನಿಂಗೆ ಬೈತಿದ್ನಲ್ಲ, ಅಂಗೆ ಒಂದ್ಸಲ ಬೈಯೋ. ಕೇಳ್ಬೇಕು ಅನ್ನಿಸ್ತದೆ."

"ಅಷ್ಟೇ ತಾನೆ? ಆ ಬೈಗುಳ ತಿಂದೇ ಬೆಳೆದಿರೋದು ಕಣಮ್ಮ" ಎಂದು ಎದ್ದು ನಿಂತೆ. "ಲೋ ಕೋತಿ, ಗಾಡಿ ಕೀ ಎಲ್ಲೋ?"

ಬಂದದ್ದು ಕರಡಿ. ಕೋತಿಯನ್ನು ಊಟ ಆಯಿತಾ ಎಂದು ವಿಚಾರಿಸುವ ಹಾಗಿತ್ತು. ಗಂಟಲು ಒಡೆದುಕೊಂಡು ಮತ್ತೆ ಕೂಗಿದೆ, ನೆಗಡಿಯಾದ ಕರಡಿ. ಅಮ್ಮ ನಕ್ಕಳು. ಏಳೆಂಟು ಸಲ ಆದ ಮೇಲೆ ನಗಲಿಲ್ಲ.

"ಬುಡು. ಗಂಟ್ಲು ಕೆಟ್ಟೋಯ್ತದೆ."

ಬೀದಿಯವರೆಲ್ಲ ನನ್ನ ಬಾಯಲ್ಲಿದ್ದಾರೆ. ಮನೆಯವನೊಬ್ಬನನ್ನು ನನ್ನ ನಾಲಿಗೆಯೇ ಅಳಿಸಿಹಾಕಿತ್ತು. ಮುಂದಿನ ವಾರ ಕರಡಿಯನ್ನು ಮತ್ತೆ ಒರಟು ಮಾಡಲು ಹೋದೆ. ಅಣ್ಣನ ಮಗಳು ಎದ್ದು ನಿಂತು, "ಇದು ಕರಡಿ ಅಲ್ಲ! ನನ್ ಕರಡಿ ಕೊಡು" ಎಂದು ಅಳತೊಡಗಿದಳು. ಜೇನು ದನಿಯನ್ನೇ ವಾಪಸು ಕೊಟ್ಟೆ.

ಆಮೇಲೊಂದು ಮಧ್ಯಾಹ್ನ ಹೊರಗಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಪಕ್ಕದ ಸೈಟಿನ ಸಿಮೆಂಟು ಧೂಳಿಗೆ ಗಂಟಲು ಕೆರೆಯಿತು. ಕೆಮ್ಮಿದೆ: ಎರಡು ಗಿಡ್ಡ, ಒಂದು ಉದ್ದ.

ಒಳಗಿಂದ ಅಮ್ಮ, "ಬಂದ್ಯಾ ಮಗ? ಶಿಫ್ಟು ಬೇಗ ಮುಗೀತಾ?" ಎಂದಳು.

ನನಗೆ ಯಾವ ಶಿಫ್ಟೂ ಇಲ್ಲ. ಮನೆಯೊಳಗೆ ಕಾಲಿಡುವ ಮುನ್ನ ಹಾಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದವನು ಅಣ್ಣ. ಅದು ಮಾತಲ್ಲವಲ್ಲ, ಅದನ್ನು ಕದಿಯಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಉತ್ತರ ಕೊಟ್ಟರೆ ಬಂದವನು ಹೊರಟುಹೋಗುತ್ತಾನೆ ಅನ್ನಿಸಿ ಸುಮ್ಮನೆ ನಿಂತೆ.

ಅಮ್ಮ ತಟ್ಟೆ ಹಿಡಿದು ಹೊರಗೆ ಬಂದಳು. ನನ್ನನ್ನು ನೋಡಿದಳು. ಆಮೇಲೆ ನನ್ನ ಬೆನ್ನ ಹಿಂದಿದ್ದ ಬಾಗಿಲನ್ನು ನೋಡಿದಳು. ತಟ್ಟೆ ಇಟ್ಟು, ಸಾರು ಬಡಿಸಿ, ಮೆಲ್ಲಗೆ ಅಂದಳು: "ಅದೊಂದನ್ನ ಆ ಕರಡಿಗೆ ಕೊಡ್ಬೇಡ ಕಣೋ."

ಕೊಟ್ಟಿಲ್ಲ. ಈಗ ಬಾಗಿಲಲ್ಲಿ ಗಂಟಲು ಕೆರೆದರೂ ಉಗುಳು ನುಂಗಿಕೊಂಡೇ ಒಳಗೆ ಹೋಗುತ್ತೇನೆ. ನಾನು ಚಪ್ಪಲಿ ಬಿಡುವ ಹೊತ್ತಿಗೆ ಅಡುಗೆಮನೆಯ ಸೌಟಿನ ಸದ್ದು ನಿಲ್ಲುತ್ತದೆ. ಒಂದು ಗಳಿಗೆ ಬಿಟ್ಟು ಮತ್ತೆ ಶುರುವಾಗುತ್ತದೆ.